ಎರಡು ಮನೆ ಮೇಲಿನ ಶ್ರುತಿ

ಭಾನುವಾರ, ಅಕ್ಟೋಬರ್ ೧೪
ಹನ್ನೊಂದನೆಯ ಕ್ರೀಡಾಂಗಣ, ಆಟಗಾರರು ಬಟ್ಟೆ ಬದಲಿಸುವ ಕೋಣೆ
ಮಧ್ಯಾಹ್ನ ಎರಡು ಗಂಟೆ

ಪ್ರೀತಿಯ ಅಕ್ಕನಿಗೆ ನಿನ್ನ ತಮ್ಮನ ನಮಸ್ಕಾರ.

ನಾನು ಇಲ್ಲಿ ಕ್ಷೇಮ, ನಿನ್ನ ಕ್ಷೇಮಕ್ಕೆ ಬರೆ ಎಂದು ಶುರು ಮಾಡಬೇಕು. ಮಾಡಿದರೆ ಮೊದಲ ಸಾಲೇ ಸುಳ್ಳಾಗುತ್ತದೆ. ಊಟ ಸೇರುತ್ತದೆ, ನಿದ್ದೆ ಬರುತ್ತದೆ, ಸಕ್ಕರೆ ಕಾಯಿಲೆ ಸದ್ಯಕ್ಕೆ ಹೇಳಿದ ಮಾತು ಕೇಳಿಕೊಂಡಿದೆ. ಆದರೆ ಈ ಪ್ರವಾಸ ಶುರುವಾದಾಗಿನಿಂದ ನನಗೆ ಎಲ್ಲದರ ಮೇಲೂ ಹೇಸಿಗೆ ಬಂದುಬಿಟ್ಟಿದೆ. ಎರಡು ಸಲ ಹಲ್ಲುಜ್ಜಿದರೂ ಬಾಯಿಯ ಕಹಿ ಹೋಗುವುದಿಲ್ಲ.

ಬ್ಯಾಂಡಿನ ಕರೆಗೆ ನೀನು ಕಳಿಸಿದ ಎರಡನೇ ಉತ್ತರವೂ ಬಂತು. ಮೊದಲನೆಯದರಲ್ಲಿ ನಾಲ್ಕು ಸಾಲಿತ್ತು, ಇದರಲ್ಲಿ ಒಂದೇ. ಒಡೆದ ಗಂಟಲನ್ನು ಐವತ್ತು ಸಾವಿರ ಜನರ ಮುಂದೆ ಇನ್ನೊಮ್ಮೆ ಒಡೆಯಲಾರೆ ಎಂದು ಬರೆದಿದ್ದೀಯ. ಯಜಮಾನ ಅದನ್ನು ಓದಿ, ಮಡಿಸಿ ಜೇಬಿನಲ್ಲಿಟ್ಟುಕೊಂಡು, ಈ ಸಲ ನೀನೇ ಬರಿ, ತಮ್ಮ ಹೇಳಿದ್ರೆ ಕೇಳ್ತಾಳೆ ಅಂದ. ಯಜಮಾನ ಎಂದರೆ ಯಾರೆಂದು ನಿನಗೆ ಹೊಳೆಯಲಿಕ್ಕಿಲ್ಲ, ನಿನ್ನ ಕಾಲದಲ್ಲಿ ಅವನಿಗೆ ಆ ಹೆಸರಿರಲಿಲ್ಲ. ನೀನು ಹಾಡುವಾಗ ನಿನ್ನ ಎಡಗಡೆ ನಿಂತು ಗಿಟಾರ್ ಬಾರಿಸುತ್ತಿದ್ದನಲ್ಲ, ಅವನೇ. ನೀನು ಬಿಟ್ಟ ಮಾರನೇ ದಿನ ನಿನ್ನ ಮೈಕಿನ ಮುಂದೆ ಬಂದು ನಿಂತ, ನಲವತ್ತು ವರ್ಷದಿಂದ ಅಲ್ಲೇ ನಿಂತಿದ್ದಾನೆ. ಬ್ಯಾಂಡಿಗೆ ನಲವತ್ತು ತುಂಬಿತು ಎಂದು ಹನ್ನೆರಡು ಕ್ರೀಡಾಂಗಣಗಳ ಈ ಪ್ರವಾಸ. ಕಡೆಯದು ನಿನ್ನ ಊರಿನಲ್ಲಿ, ಇನ್ನು ಮೂರು ವಾರಕ್ಕೆ. ಅಲ್ಲಿ ನೀನು ಬಂದು ಒಂದೇ ಒಂದು ಹಾಡು, ಅಂದು ಕೊನೆಗೆ ಹಾಡಿದ ಅದೇ ಹಾಡು, ಹಾಡಬೇಕಂತೆ. ಶುಕ್ರವಾರದೊಳಗೆ ಹೂಂ ಅಥವಾ ಊಹೂಂ ಬೇಕಂತೆ.

ಹೇಗಾದರೂ ಒಪ್ಪಿಸು ಎಂದು ನನ್ನನ್ನು ಕಾಗದ ಕೊಟ್ಟು ಕೂರಿಸಿದ್ದಾರೆ. ನಾನು ಬರೆಯುತ್ತಿರುವುದು ಬರಬೇಡ ಎಂದು ಹೇಳುವುದಕ್ಕೆ.

ನಾನು ಕೂತಿರುವ ಕೋಣೆಯಲ್ಲಿ ಗೋಡೆಯುದ್ದಕ್ಕೂ ನಂಬರು ಬರೆದ ಗೂಟಗಳಿವೆ, ಕೆಳಗೆ ಮರದ ಬೆಂಚು, ನೋವಿನ ಎಣ್ಣೆಯ ವಾಸನೆ. ಆಟಗಾರರು ಅಂಗಿ ನೇತುಹಾಕುವ ಜಾಗದಲ್ಲಿ ನನ್ನ ಹದಿನಾಲ್ಕು ಗಿಟಾರುಗಳು ಸಾಲಾಗಿ ನಿಂತಿವೆ. ನಿನ್ನ ಕಾಲದಲ್ಲಿ ಮೂರಿದ್ದವು. ಕೆಲಸ ಅದೇ: ತಂತಿ ಬದಲಾಯಿಸು, ಒರೆಸು, ಶ್ರುತಿ ಮಾಡು, ಹಾಡು ಮುಗಿದ ಕೂಡಲೇ ಓಡಿಹೋಗಿ ಒಂದನ್ನು ಕಸಿದುಕೊಂಡು ಇನ್ನೊಂದನ್ನು ಕೊರಳಿಗೆ ಹಾಕು. ಓಡುವುದೊಂದು ಈಗ ಆಗುವುದಿಲ್ಲ, ಬಿರಬಿರನೆ ನಡೆಯುತ್ತೇನೆ. ಬಾಗಿಲಾಚೆ ಡ್ರಮ್ಸಿನವನು ಬೋರಲು ಮಲಗಿ ಬೆನ್ನು ತಿಕ್ಕಿಸಿಕೊಳ್ಳುತ್ತ ಕರು ಹಾಕುವ ಹಸುವಿನ ಹಾಗೆ ನರಳುತ್ತಿದ್ದಾನೆ. ಆಮೇಲೆ ಅವನನ್ನು ಮಂಜುಗಡ್ಡೆ ತುಂಬಿದ ತೊಟ್ಟಿಯಲ್ಲಿ ಅದ್ದುತ್ತಾರೆ. ನಾಳೆ ಸಂಜೆ ಸೊಂಟಕ್ಕೆ ಒಂದು ಮೊಳ ಅಗಲದ ಪಟ್ಟಿ ಬಿಗಿದು, ಅದರ ಮೇಲೆ ಚರ್ಮದ ಕೋಟು ಹಾಕಿ, ಯುವಕನನ್ನಾಗಿ ಮಾಡಿ ಸ್ಟೇಜಿಗೆ ಹತ್ತಿಸುತ್ತಾರೆ.

ಇದು ಮುಪ್ಪು, ಇದಕ್ಕೆ ಹೇಸಬಾರದು. ನನಗೂ ಐವತ್ತೊಂಬತ್ತು. ನಾನು ಹೇಸುವುದು ಬೇರೆಯದಕ್ಕೆ.

ಯಜಮಾನನ ತಲೆಗೂದಲು ಒಂದು ಪೆಟ್ಟಿಗೆಯಲ್ಲಿ ಪ್ರಯಾಣ ಮಾಡುತ್ತದೆ. ಅದಕ್ಕೆ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು, ನನಗೆ ಹಿಂದಿನ ಸೀಟು. ಅವನು ನಲವತ್ತು ವರ್ಷದಿಂದ ಹಾಡುತ್ತಿರುವ ಹಾಡಿನ ಸಾಲುಗಳೇ ಅವನಿಗೆ ನೆನಪಿಲ್ಲ, ಕಾಲ ಬಳಿ ಒಂದು ಟಿವಿ ಇಟ್ಟಿದ್ದಾರೆ, ಅದರಲ್ಲಿ ಸಾಲುಗಳು ಮೇಲೇರುತ್ತವೆ, ಅವನು ಓದುತ್ತಾನೆ. ಜನ ನೋಡುವಾಗ ಭಾವಪರವಶನಾಗಿ ತಲೆ ತಗ್ಗಿಸಿದ ಹಾಗೆ ಕಾಣುತ್ತದೆ. ಮೂರನೇ ಹಾಡು ಮುಗಿದ ಮೇಲೆ ಮೈಕನ್ನು ಎರಡೂ ಕೈಯಲ್ಲಿ ಹಿಡಿದು, ಆಗಷ್ಟೇ ಹೊಳೆಯಿತೆಂಬಂತೆ, ನಿಮ್ಮ ಹಾಗೆ ಜೊತೆಗೆ ಹಾಡೋ ಜನ ನನಗೆ ಬೇರೆ ಯಾವ ಊರಲ್ಲೂ ಸಿಕ್ಕಿಲ್ಲ ಅನ್ನುತ್ತಾನೆ. ಹತ್ತು ಊರಿಗೂ ಹೇಳಿದ್ದಾನೆ, ನಾಳೆ ಸಂಜೆ ಹನ್ನೊಂದನೆಯದಕ್ಕೂ ಹೇಳುತ್ತಾನೆ. ಊರಿನ ಹೆಸರು ತಪ್ಪಬಾರದೆಂದು ನೆಲಕ್ಕೆ ಚೀಟಿ ಅಂಟಿಸಿರುತ್ತಾರೆ. ಏಳನೇ ಊರಿನಲ್ಲಿ ಆರನೆಯದರ ಚೀಟಿ ಕೀಳುವುದನ್ನು ಮರೆತರು. ಇವನು ಎದೆಯ ಮೇಲೆ ಕೈಯಿಟ್ಟು ಆ ಊರಿಗೆ ಧನ್ಯವಾದ ಹೇಳಿದ. ಐವತ್ತು ಸಾವಿರ ಜನ ಒಂದು ಗಳಿಗೆ ಬೆಪ್ಪಾಗಿ, ಮರುಗಳಿಗೆ ಅದಕ್ಕೂ ಚಪ್ಪಾಳೆ ತಟ್ಟಿದರು. ನನಗೆ ಹೇಸಿಗೆಯಾದದ್ದು ಆ ಚಪ್ಪಾಳೆಗೆ.

ನಿಧಾನದ ಹಾಡಿನಲ್ಲಿ ಅವನು ಕಣ್ಣೊರೆಸಿಕೊಳ್ಳುತ್ತಾನೆ. ಮೊದಮೊದಲು ಎಡಗಣ್ಣು ಒರೆಸುತ್ತಿದ್ದ. ಬಲಗಡೆಯ ಕ್ಯಾಮೆರಾದವನು ನನಗೇನೂ ಸಿಗ್ತಿಲ್ಲ ಎಂದು ದೂರು ಹೇಳಿದ ಮೇಲೆ ಒಂದು ಊರಿಗೆ ಎಡಗಣ್ಣು, ಇನ್ನೊಂದು ಊರಿಗೆ ಬಲಗಣ್ಣು.

ಕೊನೆಗೆ ಗಿಟಾರ್ ಒಡೆಯುವ ಆಟವಿದೆ. ಅರವತ್ತು ದಾಟಿದವನ ತೋಳಿಗೆ ಗಿಟಾರ್ ಒಡೆಯುವ ಶಕ್ತಿ ಎಲ್ಲಿಂದ ಬರಬೇಕು? ಅದನ್ನು ಮಧ್ಯಾಹ್ನವೇ ನಾನು ಒಡೆದಿಟ್ಟಿರುತ್ತೇನೆ. ಕುತ್ತಿಗೆಯ ಬುಡದಲ್ಲಿ ಗರಗಸದಿಂದ ಮುಕ್ಕಾಲು ಪಾಲು ಕೊಯ್ದು, ಮೇಲೆ ತೆಳ್ಳಗೆ ಮೇಣ ಬಳಿದು, ಬಣ್ಣ ಹಚ್ಚಿ ಕೊಡುತ್ತೇನೆ. ಅವನು ನೆಲಕ್ಕೆ ತಾಗಿಸಿದರೆ ಸಾಕು, ಮುರಿಯುತ್ತದೆ. ಆ ಚೂರುಗಳನ್ನು ಗಾಜಿನ ಡಬ್ಬಿಯಲ್ಲಿಟ್ಟು ಮಾರುತ್ತಾರೆ, ಜೊತೆಗೆ ಇದು ಅಸಲಿ ಎಂಬ ಪ್ರಮಾಣಪತ್ರ. ಸಹಿ ನನ್ನದು. ಒಂದು ಒಳ್ಳೆಯ ಗಿಟಾರಿನ ಕತ್ತನ್ನು ಗರಗಸದಿಂದ ಕೊಯ್ಯುವಾಗ ಕೈಗೆ ಏನನ್ನಿಸುತ್ತದೆ ಎಂದು ನಾನು ನಿನಗೆ ಬರೆಯಲಾರೆ.

ಜನರನ್ನು ಕಾಣುವ ಡೇರೆಯ ಸಂಗತಿ ಕೇಳು. ನೆಲದ ಮೇಲೆ ಪಾದದ ಗುರುತು ಅಂಟಿಸಿರುತ್ತಾರೆ, ಅಲ್ಲಿ ನಿಲ್ಲಬೇಕು, ಒಂಬತ್ತು ಸೆಕೆಂಡು, ಒಂದು ಫೋಟೋ, ಮುಟ್ಟುವಂತಿಲ್ಲ. ನಾಲ್ಕನೇ ಊರಿನಲ್ಲಿ ನಿನ್ನ ವಯಸ್ಸಿನ ಒಬ್ಬಾಕೆ ಬಂದಿದ್ದರು, ಆಸ್ಪತ್ರೆಯ ನರ್ಸ್ ಆಗಿ ನಿವೃತ್ತರಾದವರು. ಕೈಚೀಲದಿಂದ ಹಳೆಯ ಒಂದು ಟಿಕೆಟ್ ತೆಗೆದು ಯಜಮಾನನಿಗೆ ತೋರಿಸಿ, ಆವತ್ತು ನಾನು ಎರಡನೇ ಸಾಲಲ್ಲಿದ್ದೆ, ಆಗ ಒಬ್ಬಳು ಹುಡುಗಿ ಹಾಡ್ತಿದ್ದಳಲ್ಲ, ಅವಳು ಎಲ್ಲಿದ್ದಾಳೆ ಎಂದು ಕೇಳಿದರು. ಯಜಮಾನ ಬಾಯಿ ತೆರೆಯುವಷ್ಟರಲ್ಲಿ ಒಂಬತ್ತು ಸೆಕೆಂಡು ಮುಗಿದು, ಕಾವಲಿನವನು ಆಕೆಯ ತೋಳು ಹಿಡಿದು ಆಚೆ ಸರಿಸಿದ. ಟಿಕೆಟ್ ಕೆಳಗೆ ಬಿತ್ತು. ನಾನು ಎತ್ತಿಕೊಟ್ಟೆ. ಅವಳು ನನ್ನ ಅಕ್ಕ ಎಂದು ಹೇಳಲು ಬಾಯಿ ಬರಲಿಲ್ಲ.

ನೀನು ಎಲ್ಲಿದ್ದೀಯ ಎಂದರೆ, ಅಂಗಿಯ ಮೇಲಿದ್ದೀಯ. ಇಪ್ಪತ್ತೆರಡು ವರ್ಷದ ನಿನ್ನ ಮುಖ, ಕೂದಲು ಗಾಳಿಗೆ ಹಾರುತ್ತಿರುವ ಆ ಫೋಟೋ, ಚಿಕ್ಕದು ದೊಡ್ಡದು ಇನ್ನೂ ದೊಡ್ಡದು ಎಂದು ಮೂರು ಅಳತೆಯಲ್ಲಿ ಸಿಗುತ್ತದೆ. ನಿನ್ನನ್ನು ಯಾರು ಕೇಳಿದರು? ಪರದೆಯ ಮೇಲೆ ನಾಲ್ಕು ಸೆಕೆಂಡು ಬರುತ್ತೀಯ. ನಲವತ್ತನೇ ವರ್ಷದ ಪುಸ್ತಕದಲ್ಲಿ ಒಂದೂವರೆ ಸಾಲು: ಮೊದಲ ಗಾಯಕಿ ಅನಾರೋಗ್ಯದ ಕಾರಣ ತಂಡ ತೊರೆದರು. ಮೊನ್ನೆ ಊಟದ ಡೇರೆಯಲ್ಲಿ ಒಬ್ಬ ತಟ್ಟೆ ತೊಳೆಯುವಾತ ಆ ಅಂಗಿ ಹಾಕಿಕೊಂಡಿದ್ದ. ನಿನ್ನ ಬಾಯಿಯ ಮೇಲೆ ಎಣ್ಣೆಯ ಕಲೆ. ಅವನದೇನು ತಪ್ಪು, ಆದರೂ ನಾನು ತಟ್ಟೆ ಹಾಗೇ ಬಿಟ್ಟು ಎದ್ದೆ.

ಇನ್ನು ಶ್ರುತಿ. ನಲವತ್ತು ವರ್ಷದಿಂದ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುತ್ತ ಕೂತವಳಿಗೆ ಇದೆಲ್ಲ ಮರೆತಿರಬಹುದು, ಅದಕ್ಕೆ ನೆನಪಿಸುತ್ತೇನೆ. ಗಿಟಾರಿನ ಕತ್ತಿನ ಮೇಲಿನ ಎರಡು ಪಟ್ಟಿಗಳ ನಡುವಿನ ಜಾಗಕ್ಕೆ ನಾವು ಮನೆ ಅನ್ನುತ್ತೇವೆ, ಒಂದು ಮನೆಗೆ ಅರ್ಧ ಸ್ವರ. ಯಜಮಾನನ ಗಂಟಲು ಇಳಿದ ಹಾಗೆಲ್ಲ ನಾನು ತಂತಿ ಸಡಿಲಿಸುತ್ತ ಬಂದಿದ್ದೇನೆ. ಹತ್ತನೇ ವರ್ಷಕ್ಕೆ ಒಂದು ಮನೆ, ಇಪ್ಪತ್ತಕ್ಕೆ ಎರಡು, ಈಗ ನಾಲ್ಕು. ಸಡಿಲ ತಂತಿ ಜೋಲುತ್ತದೆಂದು ದಪ್ಪ ತಂತಿ ಹಾಕುತ್ತೇನೆ, ಬಟ್ಟೆ ಒಣಹಾಕಬಹುದು, ಅಷ್ಟು ದಪ್ಪ. ನೀನು ಮಿಂಚಿನ ಹಾಗೆ ಹಾಡುತ್ತಿದ್ದ ಹಾಡುಗಳು ಈಗ ನೆಲಮಾಳಿಗೆಯಿಂದ ಕೇಳಿಸುತ್ತವೆ. ಜನಕ್ಕೆ ಗೊತ್ತಾಗುವುದಿಲ್ಲ. ಎಲ್ಲ ವಾದ್ಯವೂ ಒಟ್ಟಿಗೆ ಇಳಿದರೆ ಇಳಿದದ್ದು ಯಾರಿಗೂ ಗೊತ್ತಾಗುವುದಿಲ್ಲ.

ಈ ಮಾತಿನಿಂದಲೇ ನಾನು ಬರೆಯಬೇಕಾದ ಇನ್ನೊಂದು ಮಾತಿಗೆ ಬರುತ್ತೇನೆ. ಅದಕ್ಕೆ ಮೊದಲು ಹೋದ ವಾರ ನಡೆದದ್ದು ಹೇಳಿಬಿಡುತ್ತೇನೆ.

ಪ್ರವಾಸದ ಜೊತೆಗೇ ಬ್ಯಾಂಡಿನ ಮೇಲೊಂದು ಸಿನಿಮಾ ತೆಗೆಯುತ್ತಿದ್ದಾರೆ. ಅವರು ಹಳೆಯದೆಲ್ಲ ಬೇಕು ಬೇಕು ಎಂದು ಪೀಡಿಸಿದಾಗ ಡ್ರಮ್ಸಿನವನ ಹೆಂಡತಿ ಅಟ್ಟದಿಂದ ಒಂದು ಕ್ಯಾಸೆಟ್ ಹುಡುಕಿ ಕಳಿಸಿದಳು. ಅದು ಆ ಸಂಜೆಯದು. ನೀನು ಕೊನೆಯ ಸಲ ಹಾಡಿದ ಸಂಜೆಯದು. ಅದನ್ನು ಧ್ವನಿಮುದ್ರಿಸಿಕೊಂಡಿದ್ದಾರೆಂದು ನನಗೆ ಗೊತ್ತೇ ಇರಲಿಲ್ಲ. ತಾಲೀಮಿನ ಕೋಣೆಯಲ್ಲಿ ಎಲ್ಲರೂ ಕೂತು ಕೇಳಿದೆವು. ಗರಗರ ಸದ್ದಿನ ಮಧ್ಯದಿಂದ ನಿನ್ನ ದನಿ ಎದ್ದು ಬಂತು. ಡ್ರಮ್ಸಿನವನು ಮುಖ ಮುಚ್ಚಿಕೊಂಡ. ಯಜಮಾನ ನೆಲ ನೋಡುತ್ತ ಕೂತ, ಅಲ್ಲಿ ಯಾವ ಟಿವಿಯೂ ಇರಲಿಲ್ಲ. ನಮ್ಮಲ್ಲಿ ಕೀಬೋರ್ಡ್ ನುಡಿಸುವವಳು ಒಬ್ಬಳಿದ್ದಾಳೆ, ಮೂವತ್ತೂ ಆಗಿಲ್ಲ, ಸೇರಿ ಎರಡು ವರ್ಷ. ಅವಳು ಕೇಳುತ್ತ ಕೇಳುತ್ತ ಒಂದು ಬೆರಳಲ್ಲಿ ಕೀಬೋರ್ಡ್ ಮೇಲೆ ಸ್ವರ ಹುಡುಕುತ್ತಿದ್ದಳು. ಏಳನೇ ಹಾಡಿಗೆ ತಲೆಯೆತ್ತಿ, ಅಂಕಲ್, ಇದು ರೆಕಾರ್ಡಿನಲ್ಲಿರೋದಕ್ಕಿಂತ ಎರಡು ಮನೆ ಮೇಲಿದೆಯಲ್ಲ ಅಂದಳು.

ಹಳೇ ಮೆಷಿನು, ಟೇಪು ಜೋರಾಗಿ ಓಡಿರುತ್ತೆ ಅಂದೆ. ಅವಳು ಬಿಡಲಿಲ್ಲ. ಟೇಪು ಜೋರಾಗಿ ಓಡಿದ್ರೆ ಮಾತೂ ಕೀಚಲಾಗ್ಬೇಕಲ್ವಾ, ಯಜಮಾನರು ಮಧ್ಯೆ ಮಧ್ಯೆ ಮಾತಾಡಿರೋದು ಸರಿಯಾಗೇ ಇದೆಯಲ್ಲ ಅಂದಳು. ನಾನು ಏನೋ ಗೊಣಗಿ ತಂತಿಯ ಪೊಟ್ಟಣ ಹುಡುಕುವ ಹಾಗೆ ಎದ್ದುಹೋದೆ. ಹಿಂದಿನಿಂದ ಅವಳ ಮಾತು ಕೇಳಿಸಿತು: ಈ ಎತ್ತರದಲ್ಲಿ ಏಳು ಹಾಡು ಹಾಡಿದಾರಾ, ನನಗೆ ಗೊತ್ತಿರೋ ಯಾರ ಕೈಲೂ ಆಗಲ್ಲ, ಇಂಥವರ ಗಂಟಲಿಗೆ ಏನಾಗಿತ್ತು ಅಂತ ಬಿಟ್ಟರು?

ಅಕ್ಕ, ನಿನ್ನ ಗಂಟಲಿಗೆ ಏನೂ ಆಗಿರಲಿಲ್ಲ.

ಈ ಸಾಲನ್ನು ಬರೆಯಲು ನಲವತ್ತು ವರ್ಷ ಹಿಡಿಯಿತು. ಅಂದು ಶ್ರುತಿಯನ್ನು ಎರಡು ಮನೆ ಏರಿಸಿದ್ದೆ. ಎರಡು ಗಿಟಾರು, ಒಂದು ಬೇಸ್ ಗಿಟಾರು, ಮೂರನ್ನೂ. ಆಗ ಈಗಿನ ಹಾಗೆ ಶ್ರುತಿ ತೋರಿಸುವ ಯಂತ್ರ ಇರಲಿಲ್ಲ, ನನ್ನ ಜೇಬಿನಲ್ಲಿ ಊದುವ ಪೀಪಿ ಒಂದಿತ್ತು, ಇಡೀ ಬ್ಯಾಂಡಿಗೆ ಅದೇ ಪ್ರಮಾಣ, ಅದರ ಮೇಲೆ ನನ್ನ ಕಿವಿ. ಅದಕ್ಕೇ ಅಲ್ಲವೆ ನೀನು ನನಗೆ ಕಿವಿ ಎಂದೇ ಹೆಸರಿಟ್ಟದ್ದು.

ಅಂದು ರೆಕಾರ್ಡ್ ಕಂಪನಿಯವನು ನಿಮ್ಮ ಹಾಡು ಕೇಳಲು ಬರುವವನಿದ್ದ. ಅವನಿಗೆ ಬೇಕಾಗಿದ್ದದ್ದು ಬ್ಯಾಂಡಲ್ಲ, ನೀನೊಬ್ಬಳೇ. ಇದು ಯಜಮಾನನಿಗೂ ಗೊತ್ತಾಯಿತು. ಮಧ್ಯಾಹ್ನ ನನ್ನನ್ನು ಸಭಾಂಗಣದ ಹಿಂದೆ ನೀರಿನ ತೊಟ್ಟಿಯ ಹತ್ತಿರ ಕರೆದು, ಎರಡು ಮನೆ ಏರಿಸು, ಯಾರಿಗೂ ಹೇಳ್ಬೇಡ, ಇಲ್ದಿದ್ರೆ ನಾಳೆಯಿಂದ ಬರೋದು ಬೇಡ ಅಂದ. ನನಗೆ ಹತ್ತೊಂಬತ್ತು. ಹೆದರಿದೆ. ತೆಳು ತಂತಿ ಹಾಕಿ ಏರಿಸಿದೆ. ಬೇಸಿನವನು ತಂತಿ ಯಾಕೋ ಬಿಗಿಯಾಗಿದೆ ಅಂದ, ಹೊಸದು, ಪಳಗಬೇಕು ಅಂದೆ. ನೀನು ಬಿಸಿನೀರು ಕುಡಿದು ಲೋಟ ನನ್ನ ಕೈಗೆ ಕೊಡುತ್ತ, ಎಲ್ಲಾ ಸರಿ ಇದೆಯೇನೋ ಕಿವಿ ಎಂದು ಕೇಳಿದೆ. ನಾನು ಗೋಣು ಆಡಿಸಿದೆ.

ಏಳು ಹಾಡು ಎಳೆದೆ ನೀನು. ನಿನ್ನ ಕತ್ತಿನ ನರ ಉಬ್ಬಿದ್ದು ಪಕ್ಕದಲ್ಲಿ ನಿಂತಿದ್ದ ನನಗೆ ಕಾಣುತ್ತಿತ್ತು. ಎಂಟನೆಯದರಲ್ಲಿ, ಎಲ್ಲಕ್ಕಿಂತ ಎತ್ತರಕ್ಕೆ ಹೋಗಿ ನಿಲ್ಲಬೇಕಾದ ಆ ಜಾಗದಲ್ಲಿ, ದನಿ ಹರಿದುಹೋಯಿತು. ನೀನು ಮತ್ತೆ ಪ್ರಯತ್ನಿಸಿದೆ, ಮತ್ತೆ ಹರಿಯಿತು. ಯಾರೋ ಹಿಂದಿನ ಸಾಲಿನಲ್ಲಿ ನಕ್ಕರು. ಕಂಪನಿಯವನು ಪೆನ್ನಿಗೆ ಮುಚ್ಚಳ ಹಾಕಿ ಎದ್ದುಹೋದ. ಡಾಕ್ಟರು ಕನ್ನಡಿ ಹಿಡಿದು ನಿನ್ನ ಗಂಟಲು ನೋಡಿ ಏನೂ ಇಲ್ಲ ಅಂದಾಗ, ನೀನು ಅತ್ತೆ. ಏನಾದರೂ ಇದ್ದಿದ್ರೆ ವಾಸಿ ಮಾಡಿಸ್ಕೋಬಹುದಿತ್ತು ಅಂದೆ. ನಾನು ಅಲ್ಲೇ ಬಾಗಿಲ ಬಳಿ ನಿಂತಿದ್ದೆ.

ಆಮೇಲೆ ನೀನು ಹಾಡಲು ಬಾಯಿ ತೆರೆಯಲಿಲ್ಲ. ಮಗಳು ಹುಟ್ಟಿದಾಗ ನಿಮ್ಮ ಮನೆಯಲ್ಲಿ ಒಂದು ವಾರ ಇದ್ದೆನಲ್ಲ, ಮಗು ಅತ್ತರೆ ನೀನು ತೊಟ್ಟಿಲ ಪಕ್ಕ ರೇಡಿಯೋ ಹಚ್ಚಿಡುತ್ತಿದ್ದೆ. ಭಾವ ಪಾಪ, ತಾಯಂದಿರು ಹಾಡಿ ಮಲಗಿಸ್ತಾರಪ್ಪ ಎಂದು ತಮಾಷೆ ಮಾಡಿದರು. ನೀನು ಎದ್ದು ಒಳಗೆ ಹೋದೆ. ಹೋದ ವರ್ಷ ಅದೇ ಮಗಳು ನನಗೆ ಫೋನ್ ಮಾಡಿ, ಅಮ್ಮ ಹಾಡ್ತಿದ್ರಂತೆ, ನಿಜಾನಾ ಮಾಮ ಎಂದು ಕೇಳಿದಳು. ಮೂವತ್ತು ದಾಟಿದ ಮಗಳಿಗೆ ತಾಯಿಯ ದನಿ ಗೊತ್ತಿಲ್ಲ. ಏನೋ ಸ್ವಲ್ಪ ಎಂದುಬಿಟ್ಟೆ ನಾನು. ಫೋನ್ ಇಟ್ಟ ಮೇಲೆ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕೆನ್ನಿಸಿತು.

ಇಂಥದ್ದನ್ನು ಮಾಡಿಸಿದವನು ಈಗ ನಿನ್ನನ್ನು ಕೈಹಿಡಿದು ಸ್ಟೇಜಿಗೆ ಕರೆತಂದು, ಎಡಗಣ್ಣೋ ಬಲಗಣ್ಣೋ ಒರೆಸಿಕೊಂಡು, ಐವತ್ತು ಸಾವಿರ ಜನರ ಕೈಯಲ್ಲಿ ಚಪ್ಪಾಳೆ ಹೊಡೆಸಬೇಕೆಂದಿದ್ದಾನೆ. ಅದಕ್ಕೇ ಹೇಳುತ್ತಿದ್ದೇನೆ, ಬರಬೇಡ. ಅವನ ಎದುರು ಕೂರಬೇಡ. ಅವನೇ ಫೋನ್ ಮಾಡಿದರೂ ಎತ್ತಬೇಡ, ಮಾತಿನಲ್ಲಿ ಮಹಾ ಚಾಲಾಕಿ, ಇಲ್ಲದ್ದನ್ನು ಇದೆ ಅನ್ನಿಸಿಬಿಡುತ್ತಾನೆ. ಗಂಟಲು ಒಡೆದಿರಲಿಲ್ಲ ಎಂಬುದಷ್ಟೇ ನಿನಗೆ ಸೇರಬೇಕಾದದ್ದು, ಅದನ್ನು ಇಟ್ಟುಕೋ. ಮನೆಯಲ್ಲಿ ಮಗಳ ಮುಂದೆ ಹಾಡು. ಈ ಗಲೀಜಿನ ಮೇಲೆ ಕಾಲಿಡಬೇಡ.

ಇಷ್ಟು ವರ್ಷ ಸುಮ್ಮನಿದ್ದದ್ದಕ್ಕೆ ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಮೊದಲು ಕೆಲಸ ಹೋಗುತ್ತದೆಂಬ ಭಯ, ಆಮೇಲೆ ತಡವಾಯಿತಲ್ಲ ಎಂಬ ನಾಚಿಕೆ. ಭಾವನಿಗೆ ನಮಸ್ಕಾರ ಹೇಳು. ಮಗಳಿಗೆ ಆಶೀರ್ವಾದ.

ಇಂತಿ, ನಿನ್ನ ಪ್ರೀತಿಗೆ ಯೋಗ್ಯನಲ್ಲದಿದ್ದರೂ ನಿನ್ನವನೇ ಆದ ತಮ್ಮ,
ಕಿವಿ

ತಾ.ಕ.: ಸೋಮವಾರ ಬೆಳಿಗ್ಗೆ. ಲಕೋಟೆಗೆ ಇನ್ನೂ ಅಂಟು ಹಚ್ಚಿರಲಿಲ್ಲ. ಯಜಮಾನ ಕೋಣೆಗೆ ಬಂದ. ತಲೆಗೂದಲು ಇನ್ನೂ ಪೆಟ್ಟಿಗೆಯಲ್ಲೇ ಇತ್ತು, ಹೆಗಲ ಮೇಲೆ ಟವೆಲು, ಕೈಯಲ್ಲಿ ಚಹಾ. ಬರೆದೆಯಾ ಎಂದು ಕೇಳಿ, ಬೆಂಚಿನ ಮೇಲೆ ನನ್ನ ಪಕ್ಕ ಕೂತ. ಆ ಹಾಡನ್ನ ಕೊನೆಗೆ ಇಟ್ಟಿದ್ದು ನಾನೇ ಕಣೋ, ಮೊದಲೇ ಹಾಡಿಸಿದ್ರೆ ಅವಳ ಗಂಟಲು ದಣೀತಿರ್ಲಿಲ್ಲ, ಜನಕ್ಕೆ ಜೋರಾಗಿ ಮುಗೀಲಿ ಅನ್ನೋ ಆಸೆಗೆ ಬಿದ್ದೆ, ಅವಳು ಹಾಳಾದಳು ಅಂದ. ನಲವತ್ತು ವರ್ಷ ಇದನ್ನು ಹೊತ್ತುಕೊಂಡಿದ್ದಾನೆ, ಅಕ್ಕ. ಆಮೇಲೆ, ಯಾವ ಶ್ರುತಿ ಬೇಕು ಅಂತ ಅವಳನ್ನೇ ಕೇಳು, ಅವಳಿಗೆ ಬೇಕಾದಲ್ಲಿಗೆ ನಾವೆಲ್ಲ ಬರ್ತೀವಿ, ನನ್ನ ಕೈಲಿ ಆಗ್ಲಿಲ್ಲ ಅಂದ್ರೆ ನಾನು ಬಾಯಿ ಮುಚ್ಕೊಂಡು ಬಾರಿಸ್ತೀನಿ ಎಂದು ಹೇಳಿ, ಖಾಲಿ ಲೋಟ ಹಿಡಿದು ಹೋದ.

ಸಭಾಂಗಣದ ಹಿಂದೆ ನೀರಿನ ತೊಟ್ಟಿಯೇ ಇರಲಿಲ್ಲ. ಯಾರೂ ನನ್ನನ್ನು ಕರೆಯಲಿಲ್ಲ, ಯಾರೂ ಹೆದರಿಸಲಿಲ್ಲ. ಮೇಲೆ ಓದುವಾಗಲೇ ನೀನು ಹಿಡಿದಿರುತ್ತೀಯ: ಕಂಪನಿಯವನಿಗೆ ನೀನೊಬ್ಬಳೇ ಬೇಕು ಎಂಬುದನ್ನು ನೀನು ಹೇಳಿದ್ದು ಒಬ್ಬರಿಗೇ. ಅಡುಗೆಮನೆಯಲ್ಲಿ, ಪಾತ್ರೆ ಒರೆಸುತ್ತ, ನನಗೆ. ಹೋಗಿ ನೆಲೆ ನಿಂತ ಮೇಲೆ ನಿನ್ನನ್ನೂ ಕರೆಸಿಕೊಳ್ತೀನಿ ಕಣೋ ಅಂದಿದ್ದೆ. ನನಗೆ ನಂಬಿಕೆ ಬರಲಿಲ್ಲ. ಹೋದವಳು ಹೋದಳು, ನಾನು ಇನ್ನೊಬ್ಬರ ಗಿಟಾರ್ ಹೊತ್ತುಕೊಂಡು ಇಲ್ಲೇ ಕೊಳೆಯುತ್ತೇನೆ ಎಂದು ಹೊಟ್ಟೆ ಉರಿಯಿತು. ಒಂದು ಸಲ ತಪ್ಪಿದರೆ ಇಲ್ಲೇ ಉಳಿಯುತ್ತಾಳೆ, ಅಷ್ಟೇ ಅಂದುಕೊಂಡಿದ್ದೆ. ಹಾಡುವುದನ್ನೇ ಬಿಡುತ್ತೀಯ ಎಂದುಕೊಂಡಿರಲಿಲ್ಲ. ಬರಬೇಡ, ಅವನ ಫೋನ್ ಎತ್ತಬೇಡ ಎಂದು ಬರೆದದ್ದೂ ನಿನ್ನ ಮರ್ಯಾದೆ ಉಳಿಸಲು ಅಲ್ಲ. ನೀನು ಅವನ ಮುಖಕ್ಕೇ ಕೇಳಿದರೆ ನನ್ನ ಸುಳ್ಳು ಬಯಲಾಗುತ್ತದೆ ಎಂದು.

ಆ ಹಾಳೆಗಳನ್ನು ಹರಿದು ಬೇರೆ ಬರೆಯಬಹುದಿತ್ತು. ಹರಿಯಲಿಲ್ಲ. ಇಂದು ಬೆಳಿಗ್ಗೆಯ ತನಕ ನಿನ್ನ ತಮ್ಮ ಎಂಥವನಾಗಿದ್ದ ಎಂಬುದು ನಿನಗೆ ಗೊತ್ತಿರಲಿ.

ಶುಕ್ರವಾರದೊಳಗೆ ಉತ್ತರವನ್ನು ಯಜಮಾನನಿಗೇ ಬರೆ. ಬರುವುದಾದರೆ, ನಿನಗೆ ಯಾವ ಶ್ರುತಿ ಬೇಕೆಂಬುದನ್ನು ಕೀಬೋರ್ಡಿನವಳಿಗೆ ಹೇಳು, ಅವಳ ನಂಬರು ಹಾಳೆಯ ಹಿಂದೆ ಇದೆ. ಈಗಷ್ಟೇ ಅವಳ ಹತ್ತಿರ ಹೋಗಿ ಎಲ್ಲ ಹೇಳಿ, ಗಿಟಾರಿನ ಪೆಟ್ಟಿಗೆಗಳ ಬೀಗದಕೈ ಕೊಟ್ಟು ಬಂದೆ. ಅವಳು ನಾನು ಮುಟ್ಟಿದ ಕೈಯನ್ನು ಬಟ್ಟೆಗೆ ಒರೆಸಿಕೊಂಡಳು. ನೀನು ಹಾಡುವ ಸಂಜೆ ನಾನು ಒಂದು ತಂತಿಯನ್ನೂ ಮುಟ್ಟುವುದಿಲ್ಲ.